ಒಳಗ ಇಳಿಯೂದು ಬ್ಯಾಡ

ಲಾರಿಯ ಹಿಂಬದಿಗೆ ಬನ್ನಿ, ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ನಿಲ್ಲಿ. ಖಾನಾಪುರದ ಈ ಓಣಿ ಕಿರಿದು. ಸಕ್ಕಿಂಗ್ ಗಾಡಿ ಹಿಮ್ಮುಖವಾಗಿಯೇ ಒಳಗೆ ಬರಬೇಕಾಯಿತು. ಎಡಗಡೆಯ ಕೆಂಪು ಕಲ್ಲಿನ ಕಂಪೌಂಡಿಗೂ ಗಾಡಿಯ ಕನ್ನಡಿಗೂ ನಡುವೆ ಗೇಣು ಜಾಗ ಉಳಿದಿದೆ. ಹಿತ್ತಲಿನಲ್ಲಿ ಸೆಪ್ಟಿಕ್ ಟ್ಯಾಂಕಿನ ಹಾಸುಗಲ್ಲು ಸರಿಸಿದ್ದಾರೆ. ಅಲ್ಲಿಂದ ಹೊರಟ ದಪ್ಪ ಪೈಪು ತುಳಸಿಕಟ್ಟೆಯನ್ನು ಬಳಸಿ ಅಂಗಳ ದಾಟಿ ಗಾಡಿಯ ಟ್ಯಾಂಕಿಗೆ ಸೇರಿದೆ. ಎಂಜಿನ್ ಓಡುತ್ತಿದೆ, ಅದರ ಬಲದಲ್ಲೇ ತಿರುಗುವ ವ್ಯಾಕ್ಯೂಮ್ ಪಂಪು ಕ್ಯಾಬಿನ್ನಿನ ಹಿಂದೆ ಗುಂಯ್‌ಗುಡುತ್ತಿದೆ. ಪೈಪು ಮಾತ್ರ ಮಿಸುಕುತ್ತಿಲ್ಲ. ಒಳಗೆ ರಾಡಿ ಹರಿಯತೊಡಗಿದರೆ ಅದು ನೆಲದ ಮೇಲೆ ಸಣ್ಣಗೆ ಜಿಗಿಯುತ್ತದೆ, ಕಾಲಿಟ್ಟರೆ ಗೊತ್ತಾಗುತ್ತದೆ. ಈಗ ಸುಮ್ಮನೆ ಬಿದ್ದಿದೆ.

ಡ್ರೈವರ್ ಟ್ಯಾಂಕಿನ ಪಕ್ಕದ ಗೇಜ್ ನೋಡುತ್ತಾರೆ. ಮುಳ್ಳು 12 ಇಂಚಿಗೆ ಬಂದು ನಿಂತಿದೆ. ಎಷ್ಟು ರೇಸ್ ಕೊಟ್ಟರೂ ಮೇಲೇರುತ್ತಿಲ್ಲ.

"ಎಲ್ಲೋ ಗಾಳಿ ಎಳ್ಯಾಕತ್ತೈತಿ," ಅನ್ನುತ್ತಾರೆ, ಯಾರಿಗೂ ಅಲ್ಲ.

ಈ ಗಾಡಿ ಕೆಲಸ ಮಾಡುವ ರೀತಿ ಸರಳ. ಪಂಪು ಟ್ಯಾಂಕಿನೊಳಗಿನ ಗಾಳಿಯನ್ನು ಹೊರಗೆ ಹಾಕುತ್ತದೆ. ಒಳಗೆ ಒತ್ತಡ ಇಳಿಯುತ್ತಿದ್ದಂತೆ ಹೊರಗಿನ ವಾತಾವರಣವೇ ಗುಂಡಿಯ ರಾಡಿಯನ್ನು ಪೈಪಿನೊಳಕ್ಕೆ ದೂಡುತ್ತದೆ. ಗೇಜಿನ 12 ಇಂಚು ಎಂದರೆ ಪಾದರಸದ ಲೆಕ್ಕ. ಅಷ್ಟರಲ್ಲಿ ನೀರನ್ನಾದರೆ ಸುಮಾರು 4 ಮೀಟರ್ ಎತ್ತಬಹುದು. ಗುಂಡಿಯ ತಳ, ಅದರ ಮೇಲೆ ಗಾಡಿಯ ಎತ್ತರ, ತಳದಲ್ಲಿ ವರ್ಷಗಟ್ಟಲೆ ಕುಳಿತು ಗಟ್ಟಿಯಾದ ಗಸಿ, ಇಷ್ಟಕ್ಕೆಲ್ಲ 4 ಮೀಟರ್ ಸಾಲದು. 22 ಇಂಚು ಬಂದರೆ ಏಳೂವರೆ ಮೀಟರ್ ಎತ್ತುವ ಕಸುವು ಬರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಅಷ್ಟೆತ್ತರದಲ್ಲಿ ಗಾಳಿಯೇ ತುಸು ತೆಳು. ಹೊಸ ಪಂಪು ತಂದರೂ 27 ಇಂಚಿನ ಆಚೆ ಮುಳ್ಳು ಹೋಗದು. ಹಾಗಾಗಿ ಈ ಸೀಮೆಯ ಗಾಡಿಗೆ ಒಂದೊಂದು ಇಂಚೂ ಬೇಕು.

ಹೆಲ್ಪರ್ ಹುಡುಗ ಟ್ಯಾಂಕಿನ ತಳದ ವಾಲ್ವಿನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು ಕಿವಿಗೊಡುತ್ತಾನೆ. ನೀವೂ ಬಗ್ಗಿ. ಎಂಜಿನ್ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿದೆ, ಸಣ್ಣಗೆ, ಎಡೆಬಿಡದೆ, ಸುಂಯ್ ಎಂದು. ಟ್ಯಾಂಕಿನಲ್ಲಿ ತುಂಬಿದ್ದನ್ನು ಹೊರಬಿಡುವ ನಾಲ್ಕಿಂಚಿನ ವಾಲ್ವು ಇದು. ಮುಚ್ಚಿದೆ, ಆದರೆ ಪೂರ್ತಿ ಮುಚ್ಚಿಲ್ಲ. ಪಂಪು ಓಡುವಾಗ ಇದೇ ಸಂದಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಪಂಪು ನಿಂತ ಕೂಡಲೇ ಒಳಗಿರುವುದು ಹೊರಗೆ ಹನಿಯುತ್ತದೆ.

ಡ್ರೈವರ್ ಪಂಪು ನಿಲ್ಲಿಸುತ್ತಾರೆ. ಎಣಿಸುವಷ್ಟರಲ್ಲಿ ವಾಲ್ವಿನ ತುಟಿಯಲ್ಲಿ ಕಪ್ಪು ಹನಿಯೊಂದು ದಪ್ಪಗಾಗಿ ಕೆಳಗಿಟ್ಟ ಬಕೆಟ್ಟಿಗೆ ಬೀಳುತ್ತದೆ. ಅದರ ಹಿಂದೆ ಇನ್ನೊಂದು.

ಮನೆಯಾಕೆ ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಾರೆ. "ಅರ್ಧಕ್ಕ ಬಿಟ್ಟು ಹೋಗ್ತೀರೇನ್ರಿ?"

"ಬಿಟ್ಟು ಹೋಗಂಗಿಲ್ರಿ ಅಕ್ಕಾರ. ವಾಲ್ವ್ ಕೆಟ್ಟೈತ್ರಿ. ಹಿಂಗ ತುಂಬಿಕೊಂಡು ಹೊಂಟ್ರ ಊರ ತುಂಬ ರಸ್ತಾದ ಮ್ಯಾಲೆ ಸೋರತೈತಿ. ರಿಪೇರಿ ಮಾಡಿಸಿಕೊಂಡು ಬರ್ತೇವಿ, ಗುಂಡಿ ಮುಚ್ಚಿ ಇಡ್ರಿ, ಹುಡುಗ್ರು ಹಂತ್ಯಾಕ ಹೋಗದಂಗ ನೋಡ್ಕೋರಿ."

ಹಾಸುಗಲ್ಲನ್ನು ಡ್ರೈವರೇ ಹುಡುಗನ ಜೊತೆ ಸರಿಸಿ ಮುಚ್ಚುತ್ತಾರೆ, ಮೇಲೊಂದು ಕಲ್ಲು ಹೇರುತ್ತಾರೆ. ಅದು ಅವರ ಕೆಲಸದಲ್ಲಿ ಸೇರಿದ್ದಲ್ಲ. ಬಾಯಿ ತೆರೆದ ಗುಂಡಿ ಏನು ಮಾಡಬಲ್ಲದು ಎಂದು ಬಲ್ಲವರಾದ್ದರಿಂದ ಮಾಡುತ್ತಾರೆ.

ವಾಲ್ವಿನ ಬಾಯಿಗೆ ಮುಚ್ಚಳ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ, ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟುತ್ತಾರೆ. ಈ ಎಚ್ಚರಕ್ಕೆ ಕಾರಣವಿದೆ. ಮಲಪ್ರಭೆ ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ, ಹರಿಯುವುದು ಈ ಊರಿನ ಮಗ್ಗುಲಲ್ಲಿ. ಮಳೆಗಾಲದಲ್ಲಿ ಖಾನಾಪುರದ ರಸ್ತೆಯ ಮೇಲೆ ಬಿದ್ದದ್ದೆಲ್ಲ ಗಟಾರ ಹಿಡಿದು ಹೊಳೆಗೆ ಸೇರುತ್ತದೆ. ಆ ಹೊಳೆ ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿಯ ನವಿಲುತೀರ್ಥದಲ್ಲಿ ಜಲಾಶಯವಾಗಿ ನಿಲ್ಲುತ್ತದೆ. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಆ ನೀರನ್ನು. ಇಲ್ಲಿನ ಸೋರುವ ವಾಲ್ವು ಖಾನಾಪುರದ ಒಂದು ಓಣಿಯ ತಾಪತ್ರಯವಷ್ಟೇ ಅಲ್ಲ.

ಎಳೆದುಕೊಂಡಿದ್ದಷ್ಟನ್ನು ಊರಾಚೆ ಗೊತ್ತುಮಾಡಿದ ಜಾಗದಲ್ಲಿ ಖಾಲಿ ಮಾಡಿ, ಒಳಗೆ ಚೊಕ್ಕ ನೀರು ತುಂಬಿಸಿ, ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿ ಆ ನೀರನ್ನೂ ಹೊರಬಿಟ್ಟು ಹೊರಡುತ್ತಾರೆ. ಕ್ಯಾಬಿನ್ನಿನಲ್ಲಿ ನಿಮಗೂ ಜಾಗವಿದೆ, ಹುಡುಗ ಸರಿದು ಕೂಡುತ್ತಾನೆ. ಬೆಳಗಾವಿ ಇಲ್ಲಿಂದ ಸುಮಾರು 26 ಕಿ.ಮೀ. ಗಣೇಬೈಲ್ ಟೋಲ್, ಪ್ರಭುನಗರ, ದೇಸೂರು. ರಸ್ತೆಯ ಜೊತೆಜೊತೆಗೇ ಲೋಂಡಾದ ರೈಲು ಹಳಿ ಸಾಗುತ್ತದೆ. ಅದರ ಮೇಲೆ ಹಾದುಹೋಗುವ ಪ್ರಯಾಣಿಕರ ಬೋಗಿಗಳ ಹೊಟ್ಟೆಯ ಕೆಳಗೂ ಈಗ ತೊಟ್ಟಿಗಳಿವೆ. ಕೆಲವು ವರ್ಷಗಳ ಹಿಂದಿನ ತನಕ ಪಯಣಿಗರ ಸಂಡಾಸು ನೇರ ಹಳಿಯ ಮೇಲೆ ಬೀಳುತ್ತಿತ್ತು, ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಅದನ್ನೇ ತುಳಿದುಕೊಂಡು ಕೆಲಸ ಮಾಡುತ್ತಿದ್ದರು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಬಯೋ-ಟಾಯ್ಲೆಟ್ ಬಂದ ಮೇಲೆ ಮಲವನ್ನು ಬ್ಯಾಕ್ಟೀರಿಯಾ ಕರಗಿಸುವ ವ್ಯವಸ್ಥೆ ಬೋಗಿಯಡಿಗೇ ಬಂತು. ಗೋವಾಕ್ಕೆ ಹೋಗುವ ಕ್ಯಾರವಾನ್‌ಗಳೂ ಆಗೀಗ ಇದೇ ದಾರಿ ಹಿಡಿಯುತ್ತವೆ. ಹಾಸಿಗೆ, ಅಡುಗೆ ಒಲೆ, ಸಂಡಾಸು ಎಲ್ಲ ಒಳಗೇ ಇರುವ ಅಂಥ ಗಾಡಿಗಳ ಹೊಲಸಿನ ತೊಟ್ಟಿಗೂ ತಳದಲ್ಲಿ ಜಾರುವ ಹಲಗೆಯ ವಾಲ್ವು ಇರುತ್ತದೆ. ಅದೂ ಇದೇ ರೀತಿ ಕೆಡುತ್ತದೆ: ಹಲಗೆ ಕೂಡುವ ಸಂದಿನಲ್ಲಿ ಕಸ ಸಿಕ್ಕಿ, ರಬ್ಬರ್ ಸವೆದು. ಹೊಲಸನ್ನು ಹೊತ್ತು ತಿರುಗುವ ಎಲ್ಲ ಗಾಡಿಗಳ ಮರ್ಯಾದೆ ನಿಂತಿರುವುದು ಕೈಯಗಲದ ಒಂದು ಬಾಗಿಲಿನ ಮೇಲೆ.

ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗೇಟು ದಾಟುತ್ತದೆ. 1998ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಪದವಿ ಹಿಡಿದು ರಾಜ್ಯದ ಮೂಲೆಮೂಲೆಯ ಎಂಜಿನಿಯರರು ಹೊರಬೀಳುತ್ತಾರೆ. ಅವರಲ್ಲಿ ಕೆಲವರಾದರೂ ಒಂದು ದಿನ ಈ ಗಾಡಿಯ ಹಿಂದೆ ಬಂದು ನಿಲ್ಲಬೇಕು ಎಂದು ನನಗೆ ಮನಸಾರೆ ಅನ್ನಿಸುತ್ತದೆ. ಮನುಷ್ಯ ಒಳಗಿಳಿಯದೆ ತೊಳೆಯಬಲ್ಲ ಟ್ಯಾಂಕು, ಮರಳಿಗೆ ಹೆದರದ ವಾಲ್ವು, ಸಣ್ಣ ಊರಿನ ಓಣಿಯಲ್ಲಿ ತಿರುಗಬಲ್ಲ ಚಿಕ್ಕ ಗಾಡಿ, ಇವೆಲ್ಲ ಎಂಜಿನಿಯರರು ಬಿಡಿಸಬೇಕಾದ ಲೆಕ್ಕಗಳೇ.

ಪೀರನವಾಡಿ ದಾಟಿದರೆ ಉದ್ಯಮಬಾಗ. ಗಾಳಿಯಲ್ಲಿ ಸುಟ್ಟ ಮರಳಿನ ವಾಸನೆ, ಫೌಂಡ್ರಿಗಳದ್ದು. ಬೆಳಗಾವಿಯ ಎರಕದ ಕೆಲಸಕ್ಕೆ ದೇಶದಲ್ಲೇ ಹೆಸರಿದೆ. ಇಲ್ಲಿ ಎರಕ ಹೊಯ್ದ ಪಂಪು, ವಾಲ್ವುಗಳ ಭಾಗಗಳು ಎಲ್ಲೆಲ್ಲಿಗೋ ಹೋಗುತ್ತವೆ. ಗಾಡಿ ಒಂದು ಶೆಡ್ಡಿನ ಮುಂದೆ ನಿಲ್ಲುತ್ತದೆ. ಒಳಗೆ ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷೀನು, ಗೋಡೆಗೆ ನೇತುಹಾಕಿದ ಪಾನಾಗಳು. ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ಉಸಿರಿನಲ್ಲಿ ಬರುವ ಜಾಗ. ಮಿಸ್ತ್ರಿಗೆ ಅರವತ್ತು ದಾಟಿದೆ, ಕನ್ನಡಕ ಹಣೆಗೇರಿಸಿಕೊಂಡು ಹೊರಗೆ ಬರುತ್ತಾರೆ.

"ಸೋರಾಕತ್ತೈತ್ರಿ ಕಾಕಾ. ಬಿಗಿ ಮಾಡಿದಷ್ಟೂ ಸೋರತೈತಿ."

"ಮೊದಲ ಒರಸು. ಆಮ್ಯಾಲೆ ಮಾತಾಡೂಣು."

ವಾಲ್ವನ್ನು ನೀರು ಬಿಟ್ಟು ತೊಳೆದು, ಒಣಬಟ್ಟೆಯಿಂದ ಮೂಲೆಮೂಲೆ ಒರೆಸುತ್ತಾರೆ. ಟ್ಯಾಂಕಿಗೆ ಮತ್ತೆ ನಾಲ್ಕು ಬಕೆಟ್ ನೀರು ಸುರಿಯುತ್ತಾರೆ. ಈಗ ಎಲ್ಲರೂ ಸುಮ್ಮನೆ ನೋಡಬೇಕು. ವಾಲ್ವು ಸೋರುವುದಕ್ಕೆ ಮೂರು ದಾರಿಗಳಿವೆ. ಟ್ಯಾಂಕಿನ ಚಾಚುಪಟ್ಟಿಗೂ ವಾಲ್ವಿಗೂ ನಡುವಿನ ಪ್ಯಾಕಿಂಗ್ ಹೋಗಿರಬಹುದು. ಚಕ್ರದ ಕೆಳಗೆ ಸ್ಪಿಂಡಲ್ ಹೊರಬರುವ ಜಾಗದಲ್ಲಿ, ಗ್ಲ್ಯಾಂಡಿನಲ್ಲಿ, ತೊಟ್ಟಿಕ್ಕಬಹುದು. ಇಲ್ಲವೇ ಒಳಗಿನ ಬಾಗಿಲೇ ಪೂರ್ತಿ ಕೂಡುತ್ತಿರಲಿಕ್ಕಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಮೇಲಿನಿಂದ ಇಳಿದ ಹನಿ ಕೆಳಗೆ ಬಂದು ಬೀಳುತ್ತದೆ, ಬಿದ್ದ ಜಾಗ ನೋಡಿದರೆ ಮೋಸ ಹೋಗುತ್ತೀರಿ. ಮಿಸ್ತ್ರಿ ಬೆರಳನ್ನು ಸುಣ್ಣದ ಪುಡಿಯಲ್ಲಿ ಅದ್ದಿ ಮೂರೂ ಕಡೆ ಹಚ್ಚುತ್ತಾರೆ. ಬಿಳಿಯ ಮೇಲೆ ಒದ್ದೆ ಮೊದಲು ಮೂಡಿದ್ದು ಪ್ಯಾಕಿಂಗಿನ ಎಡಗಡೆ, ಗೆರೆ ಎಳೆದ ಹಾಗೆ. ತುಸು ಹೊತ್ತಿಗೆ ಬಾಯಿಯ ಒಳಗಿನಿಂದಲೂ ನೀರು ಇಣುಕುತ್ತದೆ. ಗ್ಲ್ಯಾಂಡು ಒಣಗಿಯೇ ಇದೆ.

"ಎರಡು ರೋಗ ಅದಾವ," ಎನ್ನುತ್ತಾರೆ. "ಈ ಚಕ್ರಕ್ಕ ಪೈಪ್ ಹಾಕಿ ತಿರುವಿದವ್ರ್ಯಾರು?"

ಹುಡುಗ ತಲೆ ತಗ್ಗಿಸುತ್ತಾನೆ. ಮಿಸ್ತ್ರಿ ಬೈಯುವುದಿಲ್ಲ, ಹತ್ತಿರ ಕರೆದು ತೋರಿಸುತ್ತಾರೆ. ಗೇಟ್ ವಾಲ್ವಿನಲ್ಲಿ ಬೆಣೆಯಾಕಾರದ ಬಾಗಿಲು ಮೇಲಿನಿಂದ ಕೆಳಗಿಳಿದು ಎರಡು ಬಳೆಗಳ ನಡುವೆ ಕೂಡುತ್ತದೆ. ಕಸ ಸಿಕ್ಕಿ ಕೂಡದೇ ಇದ್ದಾಗ ಜೋರು ಮಾಡಿದರೆ ಬಾಗಿಲು ಕೂಡುವುದಿಲ್ಲ, ಕಸವೇ ಬಳೆಯೊಳಗೆ ನಾಟಿಕೊಳ್ಳುತ್ತದೆ. "ಬಿಗಿ ಆಗವಲ್ತು ಅಂದ್ರ ಒಂದ್ ಸಲ ತಗೀ, ನೀರ ಬಿಡು, ಮತ್ತ ಮುಚ್ಚು. ಜೋರ ಮಾಡಿದ್ರ ಸ್ಪಿಂಡಲ್ ಮುರಿತೈತಿ, ಆಮ್ಯಾಲೆ ತುಂಬಿದ ಗಾಡಿ ಮುಚ್ಚಾಕೂ ಬರಂಗಿಲ್ಲ, ತೆಗ್ಯಾಕೂ ಬರಂಗಿಲ್ಲ."

ಎಂಟು ಬೋಲ್ಟು. ತುಕ್ಕು ತಿಂದ ನಟ್ಟುಗಳಿಗೆ ಡೀಸೆಲ್ ಹಚ್ಚಿ ನೆನೆಯಲು ಬಿಡುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ. ಡ್ರೈವರೂ ಹುಡುಗನೂ ನಲ್ಲಿಯ ಕೆಳಗೆ ಮೊಳಕೈ ತನಕ ಸಾಬೂನು ಹಚ್ಚಿ ತೊಳೆದುಕೊಂಡ ಮೇಲೆಯೇ ಕಪ್ಪು ಮುಟ್ಟುತ್ತಾರೆ. ಅವರಿಗೆ ಕೊಟ್ಟದ್ದು ಎಲ್ಲರಿಗೂ ಕೊಟ್ಟಂಥ ಕಪ್ಪುಗಳೇ. ಈ ಮಾತನ್ನು ಬರೆಯಬೇಕಾಗಿದೆ, ಏಕೆಂದರೆ ಎಲ್ಲ ಕಡೆಯೂ ಹೀಗಿಲ್ಲ.

ಬೋಲ್ಟು ಬಿಚ್ಚಿ, ಕೆಳಗೆ ಜಾಕ್ ಆನಿಸಿ, ಭಾರದ ಬೀಡುಕಬ್ಬಿಣದ ವಾಲ್ವನ್ನು ಇಬ್ಬರು ಇಳಿಸುತ್ತಾರೆ. ಟ್ಯಾಂಕಿನ ಬಾಯಿ ತೆರೆದುಕೊಳ್ಳುತ್ತದೆ. ಹಿಂದಕ್ಕೆ ಸರಿಯಿರಿ. ಮಿಸ್ತ್ರಿ ಬೀಡಿ ಸೇದುತ್ತಿದ್ದವನೊಬ್ಬನನ್ನು ಗದರಿ ದೂರ ಕಳಿಸುತ್ತಾರೆ. ಒಳಗೆ ಉಳಿದಿರಬಹುದಾದ ಮೀಥೇನ್ ಹೊತ್ತಿಕೊಳ್ಳುವ ಗಾಳಿ. ಮೇಲಿನ ಮುಚ್ಚಳವನ್ನೂ ತೆಗೆದು ಒಳಗೆ ಗಾಳಿಯಾಡಲು ಬಿಡುತ್ತಾರೆ. ಆಮೇಲೆ ಟಾರ್ಚ್ ಹಿಡಿದು, ತಲೆ ಒಳಗೆ ತೂರಿಸದೆ, ಮಾರು ದೂರದಿಂದ ಬೆಳಕು ಬಿಡುತ್ತಾರೆ. ಬಾಯಿಯ ಹಿಂದೆಯೇ, ಟ್ಯಾಂಕಿನ ತಳದಲ್ಲಿ, ಒಂದು ದಿಬ್ಬ. ಮರಳು, ಇಟ್ಟಿಗೆ ಪುಡಿ, ಗಸಿ ಎಲ್ಲ ಸೇರಿ ಹೆಪ್ಪುಗಟ್ಟಿ ಕಲ್ಲಿನಂತಾಗಿದೆ. ವಾಲ್ವು ಕೆಟ್ಟದ್ದು ಇದರಿಂದಲೇ. ಪ್ರತಿ ಸಲ ಖಾಲಿ ಮಾಡುವಾಗ ಈ ದಿಬ್ಬದ ಅಂಚು ಕಳಚಿ ಬಂದು ಬಾಗಿಲ ಸಂದಿನಲ್ಲಿ ಕೂಡುತ್ತಿತ್ತು. ಇದನ್ನು ತೆಗೆಯದೆ ಹೊಸ ವಾಲ್ವು ಹಾಕಿದರೂ ಬಹಳ ದಿನ ಬಾಳದು.

ಅಷ್ಟರಲ್ಲಿ ಗಾಡಿ ಮಾಲಕರ ಫೋನು. ಡ್ರೈವರ್ ಸ್ಪೀಕರ್ ಹಾಕಿ ಬಾನೆಟ್ಟಿನ ಮೇಲಿಡುತ್ತಾರೆ, ಕೈ ಒದ್ದೆಯಾಗಿದೆ.

"ಎಷ್ಟೊತ್ತಾಗತೈತೊ?"

"ಒಳಗ ಗಸಿ ಕಟ್ಟೈತ್ರಿ ಸಾವಕಾರ್ರ. ಅದನ್ನ ತಗದು, ವಾಲ್ವ್ ಮಾಡಿ, ಸಂಜಿ ಆಗತೈತ್ರಿ."

"ಆ ಹುಡುಗನ್ನ ಮ್ಯಾಲಿನ ಬಾಯಿಂದ ಒಳಗ ಇಳಸು. ಸಲಿಕಿ ಕೊಡು. ಹತ್ತ್ ನಿಮಿಷದ ಕೆಲಸ."

ಶೆಡ್ಡಿನಲ್ಲಿ ಲೇಥ್ ತಿರುಗುತ್ತಲೇ ಇದೆ. ಹುಡುಗ ಟ್ಯಾಂಕಿನ ಮೇಲಿನ ಮುಚ್ಚಳದ ಕಡೆ ನೋಡುತ್ತಾನೆ, ಆಮೇಲೆ ಡ್ರೈವರ್ ಮುಖ ನೋಡುತ್ತಾನೆ. ಹೇಳಿದರೆ ಇಳಿಯುತ್ತಾನೆ. ಇಪ್ಪತ್ತರ ಹುಡುಗ, ಹೊಸ ಕೆಲಸ, ಇಲ್ಲವೆನ್ನುವ ಧೈರ್ಯ ಎಲ್ಲಿಂದ ಬರಬೇಕು?

"ಇಳಸಂಗಿಲ್ರಿ," ಎನ್ನುತ್ತಾರೆ ಡ್ರೈವರ್. "ಸಂಜಿ ಆದ್ರ ಆಗ್ಲಿ. ಒಳಗ ಇಳಿಯೂದು ಬ್ಯಾಡ."

ಆ ಕಡೆಯಿಂದ ಏನೋ ಜೋರಾದ ಮಾತು ಬರುತ್ತದೆ. ಡ್ರೈವರ್ ಮತ್ತೆ ಅದನ್ನೇ ಹೇಳುತ್ತಾರೆ, ಇನ್ನೂ ಮೆಲ್ಲಗೆ. ಫೋನು ಕಟ್ಟಾಗುತ್ತದೆ.

ಈ ಒಂದು ಮಾತಿನ ಹಿಂದೆ ಎಷ್ಟು ಜನರ ಜೀವ ಇದೆಯೆಂದು ತಿಳಿಯಲು ಗ್ಯಾಸಿನ ಗುಣ ಗೊತ್ತಿರಬೇಕು. ಮಲ ಕೊಳೆತಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ ಎಂದು ಎಲ್ಲರೂ ಬಲ್ಲರು. ಅದರ ಪ್ರಮಾಣ ಏರುತ್ತಾ ಹತ್ತು ಲಕ್ಷಕ್ಕೆ 100 ಭಾಗದ ಸುಮಾರಿಗೆ ಬಂದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ಹೋಯಿತು, ಇನ್ನು ಭಯವಿಲ್ಲ ಎಂದು ಒಳಗಿನವನು ಅಂದುಕೊಳ್ಳುವ ಹೊತ್ತೇ ಕೊನೆಯ ಹೊತ್ತು. ಈ ಗ್ಯಾಸು ಗಾಳಿಗಿಂತ ಭಾರ, ತಳದಲ್ಲಿ ಕೂಡುತ್ತದೆ. ಗಟ್ಟಿಯಾದ ಗಸಿಯನ್ನು ಸಲಿಕೆಯಿಂದ ಕೆದಕಿದಾಗ ಅದರೊಳಗೆ ಸಿಕ್ಕಿದ್ದ ಗ್ಯಾಸು ಒಮ್ಮೆಲೇ ಹೊರಬರುತ್ತದೆ. ಬೆಳಿಗ್ಗೆ ತೊಳೆದ ಟ್ಯಾಂಕಿನಲ್ಲೂ ಹೀಗಾಗಬಹುದು. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಪತ್ರಿಕೆಗಳಲ್ಲಿ ನಾವು ಓದುವ ಸುದ್ದಿಗಳಲ್ಲಿ ಸತ್ತವರು ಬಹಳ ಸಲ ಒಬ್ಬರಿಗಿಂತ ಹೆಚ್ಚಿರುವುದು ಇದಕ್ಕೇ.

ಕಾನೂನು ಡ್ರೈವರ್ ಪರವಾಗಿದೆ. ದೇವರಾಜ ಅರಸರ ಸರಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆದರೂ 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಎದುರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ನಾಡು ತಲೆ ತಗ್ಗಿಸಿದ ದಿನ ಅದು. ಕೆ.ಜಿ.ಎಫ್.ನಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ದೇಶದುದ್ದಕ್ಕೂ ಇದರ ವಿರುದ್ಧ ಹೋರಾಡಿದರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2013ರ ಕಾಯಿದೆ, ತಕ್ಕ ರಕ್ಷಣೆಯಿಲ್ಲದೆ ಮನುಷ್ಯರನ್ನು ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಅಪರಾಧವೆಂದಿತು. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ. ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರ ಮಾರ್ಚಿನಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೇರಿಸಿತು.

ಇವನ್ನೆಲ್ಲ ನಾನು ಗೌರವದಿಂದಲೇ ಓದಿದ್ದೇನೆ. ಆದರೆ ಉದ್ಯಮಬಾಗದ ಈ ಶೆಡ್ಡಿನಲ್ಲಿ ಕಾಯಿದೆಯ ಪುಸ್ತಕ ಇಲ್ಲ. ಇಲ್ಲಿ ಇರುವುದು ಕೆಟ್ಟ ವಾಲ್ವು, ಸಿಟ್ಟಾದ ಮಾಲಕ, ಹೇಳಿದ್ದು ಕೇಳುವ ಹುಡುಗ. ಯಂತ್ರ ಬಂದಿದೆ, ಇನ್ನು ಮನುಷ್ಯ ಇಳಿಯಬೇಕಿಲ್ಲ ಎಂದು ನಾವು ನೆಮ್ಮದಿಯಾಗಿದ್ದೇವೆ. ಯಂತ್ರ ಕೆಟ್ಟ ದಿನ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಯಂತ್ರವನ್ನು ಹೊರಗಿನಿಂದಲೇ ರಿಪೇರಿ ಮಾಡುವ ಕೈಗಳು, ಅದಕ್ಕೆ ಬೇಕಾದ ಹೊತ್ತು, ರಬ್ಬರಿಗೆ ಬೇಕಾದ ದುಡ್ಡು, ಇವು ಇಲ್ಲವಾದರೆ ಹಳೆಯ ಪದ್ಧತಿ ಟ್ಯಾಂಕಿನ ಮೇಲಿನ ಬಾಯಿಯಿಂದ ಮತ್ತೆ ಒಳಗಿಳಿಯುತ್ತದೆ.

ಹೊರಗಿನಿಂದ ಮಾಡಲು ಆಗುತ್ತದೆಯೆ? ಆಗುತ್ತದೆ, ನೋಡಿ. ಗಾಡಿಯ ಹಿಂಬದಿಯ ಗುಂಡು ಬಾಗಿಲು ಪೂರ್ತಿ ತೆರೆಯುವಂಥದ್ದು. ಸುತ್ತಲಿನ ಹಿಡಿಕೆಗಳು ತುಕ್ಕು ಹಿಡಿದಿವೆ, ಅದಕ್ಕೇ ಬಹಳ ಕಾಲದಿಂದ ಯಾರೂ ತೆರೆದಿಲ್ಲ. ಒಂದೊಂದನ್ನೇ ಸುತ್ತಿಗೆಯಿಂದ ತಟ್ಟಿ ಸಡಿಲಿಸುತ್ತಾರೆ. ಬಾಗಿಲು ಕಿರುಗುಟ್ಟುತ್ತಾ ತೆರೆಯುತ್ತದೆ. ನೀರಿನ ಪ್ರೆಶರ್ ಮಷೀನಿನ ನಳಿಗೆಯನ್ನು ಉದ್ದ ಪೈಪಿಗೆ ಬಿಗಿದು ದಿಬ್ಬದ ಬುಡಕ್ಕೆ ನೀರು ಹೊಡೆಯುತ್ತಾರೆ. ಅದು ನೆನೆದು ಬಿರಿಯುತ್ತಿದ್ದಂತೆ ಡ್ರೈವರ್ ಗಮ್‌ಬೂಟು, ಕೈಗವಸು, ಕಣ್ಣಿಗೆ ಪಾರದರ್ಶಕ ಕನ್ನಡಕ ಹಾಕಿ, ಶೆಡ್ಡಿನಿಂದ ತಂದ ಉದ್ದ ಕೊಳವೆಯ ತುದಿಗೆ ತಗಡಿನ ತುಂಡು ಕಟ್ಟಿ, ಹೊರಗೆ ನಿಂತೇ ಗೀರುತ್ತಾರೆ. ಹುಡುಗ ಡ್ರಮ್ಮಿಗೆ ತುಂಬುತ್ತಾನೆ. ಬೆವರು ಇಳಿಯುತ್ತದೆ, ಕೊಳವೆ ತುದಿ ಬಾಗುತ್ತದೆ, ಮತ್ತೆ ನೇರ ಮಾಡುತ್ತಾರೆ. ಹತ್ತು ನಿಮಿಷದ ಕೆಲಸ ಒಂದೂವರೆ ಗಂಟೆ ಹಿಡಿಯುತ್ತದೆ. ಟ್ಯಾಂಕಿನೊಳಗೆ ಮಾತ್ರ ಯಾರ ಕಾಲೂ ಬೀಳುವುದಿಲ್ಲ.

ಅತ್ತ ಮಿಸ್ತ್ರಿ ವಾಲ್ವನ್ನು ಬೆಂಚಿನ ಮೇಲೆ ಬಿಚ್ಚಿದ್ದಾರೆ. ಬನ್ನಿ, ಇದನ್ನು ಹತ್ತಿರದಿಂದಲೇ ನೋಡಬೇಕು. ಬಾಗಿಲು ಇಳಿಯುವ ತಳದ ಗುಳಿಯಲ್ಲಿ ಚಿಮಟದಿಂದ ಕೆದಕಿ ಒಂದೊಂದೇ ಹೊರಗೆ ತೆಗೆಯುತ್ತಾರೆ: ಹೆಣೆದುಕೊಂಡ ಕೂದಲು, ಶಾಂಪೂ ಪೊಟ್ಟಣದ ಹರಿದ ಮೂಲೆ, ಮರಳು, ಕೊನೆಗೆ ಹಸಿರು ಬಳೆಯ ಚೂರೊಂದು, ಉಗುರಿನಷ್ಟು. ತೊಳೆದು ಬೆಳಕಿಗೆ ಹಿಡಿದರೆ ಇನ್ನೂ ಹೊಳೆಯುತ್ತದೆ. ಯಾರದೋ ಬಚ್ಚಲಿನಲ್ಲಿ ಒಡೆದದ್ದು, ಎಲ್ಲೆಲ್ಲೋ ಹಾದು ಬಂದು ಇಲ್ಲಿ ಗನ್‌ಮೆಟಲ್ ಬಳೆಯ ಮೇಲೆ ಗೀರು ಎಳೆದಿದೆ. ಗೀರಿನ ಮೇಲೆ ಉಗುರು ಆಡಿಸಿದರೆ ತಡೆಯುತ್ತದೆ. ಆ ಗೀರಿನಷ್ಟೇ ಅಗಲದ ಸಂದಿನಿಂದ ಗಾಳಿ ಸುಂಯ್‌ಗುಟ್ಟುತ್ತಿತ್ತು.

ಮಿಸ್ತ್ರಿ ಸಪಾಟು ಉಕ್ಕಿನ ಪ್ಲೇಟಿನ ಮೇಲೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಬೆಣೆಯನ್ನು ಮಗುಚಿ ಉಜ್ಜತೊಡಗುತ್ತಾರೆ, ಎಂಟರ ಅಂಕಿ ಬರೆಯುವ ಹಾಗೆ, ಒಂದೇ ದಿಕ್ಕಿನಲ್ಲಿ ಸವೆಯಬಾರದೆಂದು. ವಾಲ್ವಿನೊಳಗಿನ ಬಳೆಗಳಿಗೆ ಗುಂಡು ಗಟ್ಟಿಯೊಂದಕ್ಕೆ ಪಾಲಿಶ್ ಪೇಪರ್ ಸುತ್ತಿ ತಿರುವುತ್ತಾರೆ. ಆಮೇಲೆ ನೀಲಿ ಬಣ್ಣವನ್ನು ತೆಳ್ಳಗೆ ಬೆಣೆಗೆ ಹಚ್ಚಿ ಕೂಡಿಸಿ ತೆಗೆಯುತ್ತಾರೆ. ಬಳೆಯ ಮೇಲೆ ನೀಲಿ ಸುತ್ತಲೂ ಮೂಡಬೇಕು. ಒಂದು ಕಡೆ ಮೂಡಿಲ್ಲ. ಮತ್ತೆ ಉಜ್ಜುತ್ತಾರೆ. ಮತ್ತೆ ನೀಲಿ. ಈ ಸಲ ಉಂಗುರ ಎಲ್ಲೂ ಕಡಿಯದೆ ಮೂಡಿದೆ. ಗ್ಲ್ಯಾಂಡು ಸೋರುತ್ತಿರಲಿಲ್ಲ ನಿಜ, ಆದರೂ ಬಿಚ್ಚಿದ ಮೇಲೆ ಹಳೆಯ ದಾರ ಬಿಡುವುದುಂಟೆ? ಒಣಗಿ ಕಲ್ಲಾದ ಪ್ಯಾಕಿಂಗ್ ದಾರವನ್ನು ಕೊಕ್ಕೆಯಿಂದ ಕಿತ್ತು, ಗ್ರಾಫೈಟಿನ ಹೊಸ ದಾರವನ್ನು ಓರೆಯಾಗಿ ಕತ್ತರಿಸಿ ಉಂಗುರ ಮಾಡಿ, ಒಂದರ ಕೂಡುಗೆರೆಯ ಮೇಲೆ ಇನ್ನೊಂದರ ಕೂಡುಗೆರೆ ಬರದಂತೆ ಕೂಡಿಸುತ್ತಾರೆ.

ಉಳಿದದ್ದು ರಬ್ಬರಿನ ಪ್ಯಾಕಿಂಗ್. ಹಳೆಯದು ಕೈಯಲ್ಲಿ ಮುರಿಯುತ್ತದೆ. ಸಾದಾ ರಬ್ಬರು, ಜಿಡ್ಡು ಕುಡಿದು ಕೆಟ್ಟಿದೆ. ಹೊಸದಕ್ಕೆ 3 ಮಿ.ಮೀ. ದಪ್ಪದ ನೈಟ್ರೈಲ್ ಹಾಳೆ ತರುತ್ತಾರೆ, ಅದು ಎಣ್ಣೆ ಜಿಡ್ಡಿಗೆ ಬಗ್ಗದ ರಬ್ಬರು. ಅಳತೆ ಪಟ್ಟಿ ಮುಟ್ಟುವುದೇ ಇಲ್ಲ. ಹಾಳೆಯನ್ನು ವಾಲ್ವಿನ ಮುಖದ ಮೇಲೆ ಹಾಸಿ, ಗುಂಡುತಲೆಯ ಸುತ್ತಿಗೆಯಿಂದ ಅಂಚಿನ ಗುಂಟ ಮೆಲ್ಲಗೆ ತಟ್ಟುತ್ತಾ ಹೋದರೆ ಅಡಿಯ ಕಬ್ಬಿಣದ ಅಂಚೇ ರಬ್ಬರಿನ ಮೇಲೆ ಗುರುತು ಮೂಡಿಸುತ್ತದೆ. ಮೊದಲು ಎದುರುಬದುರಿನ ಎರಡು ತೂತು, ಅವಕ್ಕೆ ಬೋಲ್ಟು ಇಳಿಬಿಟ್ಟು ಹಾಳೆ ಸರಿಯದಂತೆ ಮಾಡಿ ಉಳಿದ ಆರು. ಕೊನೆಗೆ ಒಳವೃತ್ತ. ಒಳವೃತ್ತ ಒಂದು ಎಳೆಯಷ್ಟೂ ಚಿಕ್ಕದಾಗಬಾರದು, ಒಳಗೆ ಚಾಚಿದ ರಬ್ಬರಿನ ನಾಲಗೆಗೆ ಕಸ ತೊಡರುತ್ತದೆ.

ಹುಡುಗನನ್ನು ಕರೆಯುತ್ತಾರೆ. "ಬಾ ತಮ್ಮಾ, ಬೋಲ್ಟ್ ನೀ ಹಾಕು. ಒಂದರ ಬಾಜೂಕಿಂದು ಬಿಗಿಬ್ಯಾಡ. ಇದಾದ ಮ್ಯಾಲೆ ಎದರಿಂದು."

ಹುಡುಗ ಎದುರುಬದುರು ಮಾಡುತ್ತಾ ಬಿಗಿಯುತ್ತಾನೆ. ಎರಡನೆಯ ಸುತ್ತಿನಲ್ಲಿ ಇನ್ನಷ್ಟು, ಮೂರನೆಯದರಲ್ಲಿ ಪೂರ್ತಿ. ರಬ್ಬರು ಸುತ್ತಲೂ ಒಂದೇ ಸಮನಾಗಿ ಅಂಚಿಗೆ ಉಬ್ಬುತ್ತದೆ. ಮಿಸ್ತ್ರಿ ಬೆರಳು ಸವರಿ ನೋಡಿ ತಲೆಯಾಡಿಸುತ್ತಾರೆ.

ಹಿಂಬಾಗಿಲು, ಮೇಲಿನ ಮುಚ್ಚಳ ಎರಡನ್ನೂ ಮುಚ್ಚಿ, ಎಂಜಿನ್ ಚಾಲೂ ಮಾಡಿ, ಪಂಪು ಹಾಕುತ್ತಾರೆ. 8, 12, 15. ಮುಳ್ಳು ನಿಲ್ಲುತ್ತಿಲ್ಲ. ಹುಡುಗ ಸಾಬೂನಿನ ನೊರೆಯನ್ನು ವಾಲ್ವಿನ ಸುತ್ತ, ಪ್ಯಾಕಿಂಗಿನ ಅಂಚಿಗೆ, ಹಿಂಬಾಗಿಲಿನ ಸಂದಿಗೆ ಬಳಿಯುತ್ತಾನೆ. ಸಂದು ಇದ್ದಲ್ಲಿ ನೊರೆ ಒಳಗೆ ಎಳೆದುಕೊಂಡು ಮಾಯವಾಗುತ್ತದೆ. ವಾಲ್ವಿನ ಮೇಲೆ ನೊರೆ ಹಾಗೆಯೇ ಕುಳಿತಿದೆ. ಹಿಂಬಾಗಿಲಿನ ಒಂದು ಹಿಡಿಕೆಯ ಹತ್ತಿರ ಮಾತ್ರ ತುಸು ಹೀರುತ್ತದೆ, ಅದನ್ನು ಇನ್ನರ್ಧ ಸುತ್ತು ಬಿಗಿಯುತ್ತಾರೆ. 20. 22. ಪಂಪು ನಿಲ್ಲಿಸಿ ಎಲ್ಲರೂ ಗೇಜಿನ ಎದುರು ನಿಲ್ಲುತ್ತಾರೆ. "ಐದ್ ನಿಮಿಷ ಮುಳ್ಳು ಅಲಗಾಡಬಾರ್ದು," ಅನ್ನುತ್ತಾರೆ ಮಿಸ್ತ್ರಿ. ಅಲುಗುವುದಿಲ್ಲ. ಆಮೇಲೆ ಟ್ಯಾಂಕಿಗೆ ನೀರು ತುಂಬಿಸಿ, ವಾಲ್ವಿನ ಕೆಳಗೆ ಹಳೆಯ ಪತ್ರಿಕೆ ಹಾಸುತ್ತಾರೆ. ಪತ್ರಿಕೆ ಒಣಗಿಯೇ ಇರುತ್ತದೆ.

ಮಿಸ್ತ್ರಿ ಕನ್ನಡಕ ಇಳಿಸಿಕೊಂಡು ಬಿಲ್ಲು ಬರೆಯಲು ಕೂಡುತ್ತಾರೆ: ನೈಟ್ರೈಲ್ ಹಾಳೆ, ಗ್ಲ್ಯಾಂಡ್ ದಾರ, ಹೊಸ ಬೋಲ್ಟು, ಕೂಲಿ. ಹೆಚ್ಚಿಗೆ ಕತ್ತರಿಸಿಟ್ಟ ಇನ್ನೊಂದು ಪ್ಯಾಕಿಂಗನ್ನು ಹುಡುಗನ ಕೈಗೆ ಕೊಟ್ಟು ಕ್ಯಾಬಿನ್ನಿನಲ್ಲಿಡಲು ಹೇಳುತ್ತಾರೆ. ಡ್ರೈವರ್ ಬಿಲ್ಲಿನ ಮೇಲೆ ಬಗ್ಗುತ್ತಾರೆ.

"ಇನ್ನೊಂದು ಬರೀರಿ ಕಾಕಾ. ಗಸಿ ಗೀರೂ ಕೋಲು. ಪೈಪಿನ್ದು, ತುದಿಗೆ ಪಟ್ಟಿ ವೆಲ್ಡ್ ಮಾಡಿದ್ದು. ಇವತ್ತು ಕಟ್ಟಿದ್ದು ಬಾಗಿ ಹೋತು."

"ಸಾವಕಾರ ಕೊಡ್ತಾನೇನು?"

"ವಾಲ್ವಿನ ಸಾಮಾನಿನ ಕೂಡ ಬರೀರಿ, ಕೊಡ್ತಾರ. ತಿಂಗಳಿಗೊಮ್ಮಿ ಹಿಂದಿನ ಬಾಗಲಾ ತಗದು ಗೀರಿದ್ರ ವಾಲ್ವ್ ಕೆಡಂಗಿಲ್ಲ ಅಂತ ನಾನ ಹೇಳ್ತೇನಿ."

ಮಿಸ್ತ್ರಿ ಪೆನ್ನು ಕೆಳಗಿಟ್ಟು ಹುಡುಗನಿಗೆ ಟೇಪು ಕೊಡುತ್ತಾರೆ. "ಟ್ಯಾಂಕಿನ ಉದ್ದ ಅಳಿ, ಹೊರಗಿಂದ. ಅದಕ್ಕ ಎರಡ್ ಫೂಟ್ ಹೆಚ್ಚಿಗಿ ಹಿಡಿ."